ಕೆಂಪು-ಹಳದಿ ತಂತಿಯ ಜಾಡು ಹಿಡಿದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿಗೆ ಒಂದು ಜೊತೆ ಫಾಗ್ ಲೈಟ್ ಕೊಳ್ಳುವುದು ಕಷ್ಟವೇನಲ್ಲ. ಬಂಪರಿಗೆ ಬಿಗಿಯುವುದು ಅದಕ್ಕಿಂತ ಸುಲಭ. ಆದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ಮಳೆಗಾಲದ ಮಂಜಿನಲ್ಲಿ ಅವು ನೆಟ್ಟಗೆ ಉರಿಯಬೇಕೆಂದರೆ ಹಳೆಯ ವೈರಿಂಗ್ ಬಲ್ಲ ಆಟೊ ಎಲೆಕ್ಟ್ರಿಷಿಯನ್ ಬೇಕು. ಸಾಮಾನ್ಯವಾಗಿ ಬ್ಯಾಟರಿ ಅಂಗಡಿಯ ಮಗ್ಗುಲಲ್ಲೇ ಇವರ ಠಿಕಾಣಿ. ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗೆ ಸಿಕ್ಕಷ್ಟು ಹೆಸರು ಇವರಿಗೆ ಸಿಕ್ಕಿಲ್ಲ. ಮಾಡಿದ ಕೆಲಸವೆಲ್ಲ ಕಪ್ಪು ಟೇಪಿನೊಳಗೆ ಮುಚ್ಚಿಹೋದರೆ ನೋಡುವವರಾದರೂ ಯಾರು?

ಗಾಡಿ ತಂದವರ ದೂರು ಬಹುಮಟ್ಟಿಗೆ ಒಂದೇ: ‘ಹೊಸ ಬಲ್ಬ್ ಹಾಕ್ಸಿದೀನಿ, ಆದ್ರೂ ಮಿಣಮಿಣ ಅಂತಿದೆ.’ ಪಳಗಿದ ಕೈಯವರು ಬಲ್ಬಿನ ಕಡೆ ತಿರುಗಿಯೂ ನೋಡುವುದಿಲ್ಲ. ‘ಮೊದ್ಲು ಅರ್ಥ್ ನೋಡೋಣ ಸಾರ್’ ಎಂದು ಬಂಪರಿನ ಹಿಂದಕ್ಕೆ ಕೈ ಹಾಕುತ್ತಾರೆ.

ಕಾರಣವಿದೆ. ಕಾರಿನಲ್ಲಿ ದೀಪಕ್ಕೆ ಕರೆಂಟ್ ತಂತಿಯಲ್ಲಿ ಬರುತ್ತದೆ. ವಾಪಸ್ ಹೋಗುವುದು ಗಾಡಿಯ ಕಬ್ಬಿಣದ ಮೈಯಲ್ಲೇ. ದೀಪದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಬಂಪರಿಗೆ, ಅಲ್ಲಿಂದ ಬ್ರಾಕೆಟ್‌ಗೆ, ಕೊನೆಗೆ ಬಾಡಿಗೆ. ಒಂದೊಂದು ಬೋಲ್ಟಿನಡಿಯೂ ತುಕ್ಕು ಕೂರಬಹುದು. ತುಕ್ಕಿಗಿಂತ ಕೆಟ್ಟದ್ದು ಹೊಸ ಪೇಂಟ್. ಲಕ್ಷಗಟ್ಟಲೆ ಸುರಿದು ಅಂಬಾಸಡರ್ ಒಂದನ್ನು ಮದುವಣಗಿತ್ತಿಯಂತೆ ಸಿಂಗರಿಸಿ ತಂದ ಮೇಲೆ ದೀಪಗಳು ಮೊದಲಿಗಿಂತ ಮಂಕಾಗಿರುವುದುಂಟು. ಬೋಲ್ಟಿನ ಕೆಳಗೂ ಬಣ್ಣ ಬಳಿದಿರುತ್ತಾರೆ, ಕರೆಂಟಿಗೆ ಮರಳುವ ದಾರಿಯೇ ಇರುವುದಿಲ್ಲ.

ಲೆಕ್ಕ ಸರಳ. 55 ವಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲೆಲ್ಲೋ ಒಂದು ಜಾಯಿಂಟ್ ಕಿಲುಬು ಹಿಡಿದು ಕಾಲು ಓಮ್ ಅಡ್ಡಿ ಒಡ್ಡಿದರೆ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲೇ ಸೋರುತ್ತದೆ. ಹತ್ತನೇ ಒಂದು ಪಾಲು ವೋಲ್ಟೇಜ್ ಇಳಿದರೆ ಬೆಳಕೂ ಅಷ್ಟೇ ಇಳಿಯುತ್ತದೆಂದು ತಿಳಿಯಬೇಡಿ; ಫಿಲಮೆಂಟ್ ಬಲ್ಬಿನಲ್ಲಿ ಅದು ಹೆಚ್ಚುಕಡಿಮೆ ಶೇ 30ರಷ್ಟು ಕುಸಿಯುತ್ತದೆ. ಸೋರಿದ್ದು ಶಾಖವಾಗಿ ಆ ಜಾಯಿಂಟನ್ನೇ ಸುಡುತ್ತದೆ, ಸುಟ್ಟಷ್ಟೂ ಅಡ್ಡಿ ಬೆಳೆಯುತ್ತದೆ.

ಇಲ್ಲಿ ಮೀಟರ್ ಕೂಡ ಸುಳ್ಳು ಹೇಳುತ್ತದೆ. ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ, ದೀಪ ಕಳಚಿಟ್ಟು ಅಳೆದರೆ 12 ವೋಲ್ಟ್ ತೋರಿಸೀತು. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ದೀಪದ ಲೋಹದ ಮೈಗೂ ಇನ್ನೊಂದನ್ನು ಬ್ಯಾಟರಿಯ ಅರ್ಥ್ ತುದಿಗೂ ಇಡುತ್ತಾರೆ. ಸೊನ್ನೆಯ ಆಸುಪಾಸಿದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಒಂದೊಂದೇ ಬೋಲ್ಟಿನತ್ತ ಕಡ್ಡಿ ಸರಿಸುತ್ತ ಹೋಗುವುದು. ಇದಕ್ಕೆ ಬೇಕಾದ್ದು ದುಬಾರಿ ಯಂತ್ರವಲ್ಲ, ತಾಳ್ಮೆ.

ಜಾಡು ಹಿಡಿಯಲು ಇನ್ನೊಂದು ಆಸರೆ ತಂತಿಯ ಬಣ್ಣ. ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ಬ್ರಿಟಿಷ್ ಕಾರುಗಳಿಗೆ ಒದಗಿಸಿದ ವೈರಿಂಗಿನಲ್ಲಿ ಬಣ್ಣಗಳಿಗೊಂದು ವಂಶಾವಳಿಯಿದೆ. ಕಂದು ನೇರ ಬ್ಯಾಟರಿಯದು, ಕಪ್ಪು ಅರ್ಥ್‌ನದು. ನೀಲಿ ಹೆಡ್‌ಲೈಟಿನ ಮನೆತನ: ಬಿಳಿ ಗೆರೆಯಿದ್ದರೆ ಹೈ ಬೀಮ್, ಕೆಂಪು ಗೆರೆಯಿದ್ದರೆ ಡಿಪ್. ಕೆಂಪು ಪಾರ್ಕಿಂಗ್ ದೀಪಗಳದು; ಅದರ ಮೇಲೆ ಹಳದಿ ಗೆರೆ ಓಡಿದ್ದರೆ ಅದೇ ಫಾಗ್ ಲೈಟಿನ ತಂತಿ. ಮಾರಿಸ್, ಆಸ್ಟಿನ್ ಕಾರುಗಳ ಮುಂದೆ ಕೂತಾಗ ಈ ಪಾಠ ಬಾಯಿಗೆ ಬರಬೇಕು. ನೂಲು ಹೆಣೆದ ಹಳೆಯ ತಂತಿಗಳಲ್ಲಿ ಮಾತ್ರ ಧೂಳು, ಎಣ್ಣೆ ಕುಡಿದು ಎಲ್ಲ ಬಣ್ಣವೂ ಒಂದೇ ಆಗಿರುತ್ತದೆ. ಆಗ ಕ್ಲಿಪ್ಪಿನ ಅಡಿ ಮರೆಯಾಗಿದ್ದ ಎರಡಂಗುಲ ಜಾಗವನ್ನು ಸ್ಪಿರಿಟ್ ಹಚ್ಚಿ ಒರೆಸಿ ನೋಡಬೇಕು.

ಲೂಕಾಸ್ ಹೆಸರೆತ್ತಿದರೆ ಹಳೆಯ ಕಾರಿನವರು ನಗುತ್ತಾರೆ. ‘ಕತ್ತಲೆಯ ರಾಜಕುಮಾರ’ ಎಂಬ ಅಡ್ಡಹೆಸರು ಅದಕ್ಕೆ ಅಂಟಿ ದಶಕಗಳೇ ಆದವು. ನನಗೆ ಇದು ಪೂರ್ತಿ ನ್ಯಾಯವೆನಿಸುವುದಿಲ್ಲ. ಹಿತ್ತಾಳೆಯ ಬುಲೆಟ್ ಕನೆಕ್ಟರ್ ರಬ್ಬರಿನ ತೋಳಿನೊಳಗೆ ಬಿಗಿಯಾಗಿ ಕೂತಿದ್ದ ಕಾಲದಲ್ಲಿ ಅದು ಕೆಟ್ಟ ಏರ್ಪಾಡಾಗಿರಲಿಲ್ಲ. ನಾಲ್ಕೈದು ದಶಕ ಮಲೆನಾಡಿನ ಮಳೆ ಕುಡಿದ ಮೇಲೂ ಅದನ್ನೇ ದೂರಿದರೆ ಹೇಗೆ? ನಿಜವಾದ ಅಪರಾಧಿಗಳು ಅನಂತರ ಬಂದವರು, ಹೆಡ್‌ಲೈಟಿನ ತಂತಿ ಕೆರೆದು, ಫಾಗ್ ಲೈಟಿನದನ್ನು ಅದಕ್ಕೆ ಸುತ್ತಿ, ಟೇಪ್ ಹೊಡೆದು ಕಳಿಸಿದವರು.

ಈ ಸುತ್ತುಗಂಟನ್ನು ಬಿಚ್ಚುವುದೇ ರಿಪೇರಿಯ ಮೊದಲ ಹೆಜ್ಜೆ. ಹಸಿರು ಕಿಲುಬು ಹತ್ತಿದಷ್ಟು ಉದ್ದ ಕತ್ತರಿಸಿ ತಾಮ್ರ ಹೊಳೆಯುವವರೆಗೆ ಹಿಂದೆ ಸರಿಯಬೇಕು. ಹೊಸ ಬುಲೆಟ್ ಒತ್ತಿ ಕೂರಿಸಬೇಕು. ಎಲ್ಲಕ್ಕೂ ಬೆಸುಗೆ ಹಾಕುವ ಉಮೇದು ಬೇಡ. ಬೆಸುಗೆ ಎಳೆಗಳ ನಡುವೆ ಏರಿ ತಂತಿಯನ್ನು ಸೆಡೆಸುತ್ತದೆ, ಗಾಡಿಯ ಅದುರಿಗೆ ಅಲ್ಲೇ ತುಂಡಾಗುತ್ತದೆ. ಅರ್ಥ್‌ಗೆ ಬಂಪರನ್ನು ನಂಬದೆ, ದೀಪದಿಂದ ಬಾಡಿಗೆ ಪ್ರತ್ಯೇಕ ಕಪ್ಪು ತಂತಿ ಎಳೆದು, ಬಣ್ಣ ಉಜ್ಜಿದ ಜಾಗಕ್ಕೆ ಬಿಗಿದು, ಮೇಲೆ ವ್ಯಾಸಲೀನ್ ಸವರುತ್ತಾರೆ. ಎರಡು ದೀಪಗಳ ಒಂಬತ್ತು ಆಂಪಿಯರನ್ನು ಡ್ಯಾಶ್‌ಬೋರ್ಡಿನ ಮುದಿ ಸ್ವಿಚ್ ಹೊರಬಾರದು. ಅದಕ್ಕೊಂದು ರಿಲೇ, ರಿಲೇಗೊಂದು ಫ್ಯೂಸ್. ಹಳೆಯ ಲೂಕಾಸ್ ಗಾಜಿನ ಫ್ಯೂಸ್ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಮಿತಿ; ಸದಾ ಹೊರಬಲ್ಲದ್ದು 17 ಆಂಪಿಯರ್ ಮಾತ್ರ. ಹಾಗಾಗಿ ಅದರ ಜಾಗಕ್ಕೆ 35ರ ಹೊಸ ಬ್ಲೇಡ್ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿ ಸುಟ್ಟೀತು.

ಹಳದಿ ಗಾಜು ಮಂಜನ್ನು ಸೀಳುತ್ತದೆಂಬ ನಂಬಿಕೆ ಎಲ್ಲ ಘಟ್ಟಗಳಲ್ಲೂ ಇದೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಸರಿಸುಮಾರು ಒಂದೇ ತೆರನಾಗಿ ಚದುರಿಸುತ್ತದೆ. ಫಾಗ್ ಲೈಟಿನ ಗುಣವಿರುವುದು ಅದು ಕೂತ ಎತ್ತರದಲ್ಲಿ: ನೆಲದ ಹತ್ತಿರ, ಅಗಲಕ್ಕೆ ಹರಡಿ, ಮೇಲ್ಭಾಗ ಕತ್ತರಿಸಿದಂಥ ಬೆಳಕು. ಹಾಗಾಗಿ ವೈರಿಂಗ್ ಮುಗಿದ ಮೇಲೆ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ ದೀಪದ ಮುಖ ತಗ್ಗಿಸದಿದ್ದರೆ ಕೆಲಸ ಅರ್ಧವೇ ಆದಂತೆ.

ಡೈನಮೊ ಇರುವ ಕಾರಾದರೆ ಇನ್ನೊಂದು ಎಚ್ಚರಿಕೆ ಬೇಕು. ಲೂಕಾಸ್ ಸಿ40 ಡೈನಮೊ ಎಷ್ಟೇ ತಿರುಗಿದರೂ ಕೊಡುವುದು 22 ಆಂಪಿಯರ್. ಮಂಜಿನಲ್ಲಿ ತೆವಳುತ್ತ ಇಳಿಯುವಾಗ, ಹೆಡ್‌ಲೈಟು, ವೈಪರು, ಫಾಗ್ ಲೈಟು ಎಲ್ಲವೂ ಬೇಕಾದ ಹೊತ್ತಿನಲ್ಲೇ, ಡೈನಮೊ ಅದರಲ್ಲಿ ಒಂದಂಶವನ್ನಷ್ಟೇ ಕೊಡುತ್ತದೆ. ಉಳಿದದ್ದನ್ನು ಬ್ಯಾಟರಿಯೇ ತೆರಬೇಕು. ಫಾಗ್ ಲೈಟನ್ನು ಕೆಂಪು ತಂತಿಯ ಮನೆತನಕ್ಕೆ ಸೇರಿಸಿದ ಲಾಭ ಇಲ್ಲಿ ಕಾಣುತ್ತದೆ: ಹೆಡ್‌ಲೈಟ್ ಆರಿಸಿ, ಪಾರ್ಕಿಂಗ್ ದೀಪದ ಜೊತೆ ಅದೊಂದನ್ನೇ ಉರಿಸಿಕೊಂಡು ಉಜಿರೆಯವರೆಗೂ ಇಳಿಯಬಹುದು.