ಪಾವಟಿಗೆಯ ದೀಪ ಮೊಬೈಲಿಗೆ ಬಂದ ಬಗೆ

ಚಿಕ್ಕೋಡಿ, ನಿಪ್ಪಾಣಿ ಕಡೆ ಕರೆಂಟಿಲ್ಲದ ಕಾಲದಲ್ಲಿ ಪಾವಟಿಗೆ (ಮೆಟ್ಟಿಲು) ಹತ್ತಬೇಕೆಂದರೆ ಕೈಯಲ್ಲಿ ಕಂದೀಲು ಇರಲೇಬೇಕಿತ್ತು. ಪಕ್ಕದ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದೇ 1969ರಲ್ಲಿ. ಕರೆಂಟು ಬಂದ ಮನೆಗೆ ಅದರ ಹಿಂದೆಯೇ ಟು-ವೇ ಸ್ವಿಚ್ಚೂ ಬಂತು. ಕೆಳಗೆ ಹಾಕಿದ ದೀಪವನ್ನು ಮೇಲೆ ಹತ್ತಿದ ಮೇಲೆ ಆರಿಸಬಹುದು. ಎರಡು ಸ್ವಿಚ್ಚು, ನಡುವೆ ಎರಡು ವೈರು. ರಾಯಬಾಗ, ಅಥಣಿ, ಕಾಗವಾಡದ ವೈರ್‌ಮನ್‌ಗಳಿಗೆ ಇದು ನೀರು ಕುಡಿದಷ್ಟು ಸಲೀಸು.

ಆಮೇಲೆ ಬಂದದ್ದು ಪಿಐಆರ್ ಸೆನ್ಸರ್. ಮನುಷ್ಯನ ಮೈಶಾಖದ ಅಲುಗಾಟ ಕಂಡೊಡನೆ ದೀಪ ಹಚ್ಚುತ್ತದೆ. ಎಷ್ಟು ಹೊತ್ತು ಉರಿಯಬೇಕೆಂಬುದನ್ನು ಬದಲಿಸಲು ಮಾತ್ರ ಏಣಿ ಹಾಕಿ ಅದರ ಪುಟ್ಟ ತಿರುಪು ತಿರುಗಿಸಬೇಕು. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ತೊಡಕಲ್ಲ.

ಆ ತೊಡಕು ಬಿಡಿಸಿದ್ದು ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್. 2014ರಲ್ಲಿ ಹವ್ಯಾಸಿಗಳ ಕೈ ಸೇರಿದ ಈ ಅಗ್ಗದ ಚಿಪ್ಪಿಗೆ ವೈ-ಫೈ ಇದೆ, ತನ್ನೊಳಗೇ ಒಂದು ವೆಬ್ ಪುಟ ಇಟ್ಟುಕೊಳ್ಳುವ ಶಕ್ತಿಯೂ ಇದೆ. ಇಂಥ ಚಿಪ್ಪಿನಿಂದ ಎಲ್‌ಇಡಿ ಪಟ್ಟಿ ನಡೆಸಲೆಂದು ಬೆಳೆದ ಮುಕ್ತ ತಂತ್ರಾಂಶ ಡಬ್ಲ್ಯುಎಲ್‌ಇಡಿ; ಮೆಟ್ಟಿಲಿಗೆಂದೇ ಅದರಲ್ಲಿ 'ಅನಿಮೇಟೆಡ್ ಸ್ಟೇರ್‌ಕೇಸ್' ಎಂಬ ಭಾಗವಿದೆ. ಮೇಲೊಂದು, ಕೆಳಗೊಂದು ಸೆನ್ಸರ್. ಯಾವುದು ಮೊದಲು ಅಲುಗಾಟ ಹಿಡಿಯಿತೋ ಆ ಕಡೆಯಿಂದ ಒಂದೊಂದೇ ಮೆಟ್ಟಿಲು ಬೆಳಗುತ್ತ ಹೋಗುತ್ತದೆ. ವೇಗ, ಬೆಳಕಿನ ಪ್ರಮಾಣ, ಆರುವ ಹೊತ್ತು ಎಲ್ಲವನ್ನೂ ಮೊಬೈಲಿನ ಬ್ರೌಸರಿನಲ್ಲೇ ಹೊಂದಿಸಬಹುದು.

ನನಗೆ ಬಹಳ ಹಿಡಿಸಿದ್ದು, ಇದಕ್ಕೆ ಇಂಟರ್ನೆಟ್ ಬೇಡವೆಂಬುದು. ರೂಟರ್ ಇಲ್ಲದಿದ್ದರೆ ಚಿಪ್ಪೇ ವೈ-ಫೈ ಹೊರಡಿಸುತ್ತದೆ, ಅದಕ್ಕೆ ಸೇರಿಕೊಂಡು ಬ್ರೌಸರಿನಲ್ಲಿ 4.3.2.1 ಎಂದು ಒತ್ತಿದರೆ ಪುಟ ತೆರೆಯುತ್ತದೆ. ಕರೆಂಟು ಹೋಗಿ ಬಂದರೂ ಉಳಿಸಿಟ್ಟ ಸೆಟ್ಟಿಂಗ್ ಅಳಿಯುವುದಿಲ್ಲ. ಮನೆಯ ದೀಪದ ಅಧಿಕಾರ ಮನೆಯವರ ಕೈಯಲ್ಲೇ ಇರಬೇಕು, ದೂರದ ಯಾವುದೋ ಸರ್ವರಿನಲ್ಲಲ್ಲ.

ಎಚ್ಚರ ಬೇಕಾದದ್ದು ಕರೆಂಟಿನ ಲೆಕ್ಕದಲ್ಲಿ. ಹದಿನೈದು ಮೆಟ್ಟಿಲಿಗೆ ತಲಾ ಒಂದು ಮೀಟರ್ ಎಲ್‌ಇಡಿ ಪಟ್ಟಿ, ಮೀಟರಿಗೆ 30 ಎಲ್‌ಇಡಿ ಎಂದರೆ ಒಟ್ಟು 450. ಪೂರ್ತಿ ಬಿಳಿ ಬೆಳಕಿಗೆ ಒಂದೊಂದೂ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ; 5 ವೋಲ್ಟಿನಲ್ಲಿ 27 ಆಂಪಿಯರ್, 135 ವಾಟ್! ಮೊಬೈಲ್ ಚಾರ್ಜರ್ ಇದನ್ನು ತಾಳಲಾರದು. ರಾತ್ರಿ ಹೆಜ್ಜೆ ಕಾಣಲು ಇದರ ಐದರಲ್ಲೊಂದು ಭಾಗ ಬೆಳಕೂ ಧಾರಾಳ.

ಹೊಸ ಮನೆ ಕಟ್ಟಿಸುವವರು ಮೆಟ್ಟಿಲ ದೀಪದ ಲೈನನ್ನು ಇನ್ವರ್ಟರಿಗೆ ಸೇರಿಸಲು ವೈರ್‌ಮನ್‌ಗೆ ಮೊದಲೇ ಹೇಳಿ. ಗೋಡೆಯ ಟು-ವೇ ಸ್ವಿಚ್ಚನ್ನು ಮಾತ್ರ ಕೈಬಿಡಬೇಡಿ. ಮೊಬೈಲು ಹಿಡಿಯದ ಅಜ್ಜಿಯೂ ಆ ಪಾವಟಿಗೆ ಹತ್ತಿಳಿಯಬೇಕಲ್ಲ.