ಆಟದ ಪೆಟ್ಟಿಗೆಯ ಮೇಲುಗಾಜು

ಕಿನ್ನಾಳವೆಂದೊಡನೆ ವಾಚಕರ ಕಣ್ಣ ಮುಂದೆ ನಿಲ್ಲುವವು ಬಣ್ಣದ ಗೊಂಬೆಗಳೇ ಸರಿ. ಕೊಪ್ಪಳ ತಾಲೂಕಿನ ಈ ಊರಿನ ಚಿತ್ರಗಾರರ ಮನೆಗಳಲ್ಲಿ ಹಗುರಾದ ಪೊಳಕಿ ಮರದಿಂದ ಹುಟ್ಟುವ ಗರುಡ, ಕಾಮಧೇನು, ಗಣಪತಿ, ಆನೆ, ಗಿಳಿಗಳನ್ನು ಕುರಿತು ತಿಳಿದವರು ಬಹಳ ಬರೆದಿರುವರು. ನಾನು ಈ ಸಲ ಬರೆಯಹೊರಟಿರುವದು ಅದೇ ಊರಿನ ಒಂದು ಮನೆಯಲ್ಲಿದ್ದ ಬೇರೆ ಜಾತಿಯ ಆಟಿಕೆಯೊಂದನ್ನು ಕುರಿತು. ಅದು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಪೆಟ್ಟಿಗೆ. ಇಂಥ ಪೆಟ್ಟಿಗೆಗಳು ಈಗ ಅನೇಕ ಮನೆಗಳ ಕಪಾಟುಗಳಲ್ಲಿ ಬಿದ್ದಿರುವವು. ಅವುಗಳಲ್ಲಿ ಎಷ್ಟೋ ಕೆಟ್ಟವುಗಳೇ ಅಲ್ಲ; ಮೇಲಿನ ಗಾಜು ಗೀರು ಬಿದ್ದು ಮಸುಕಾಗಿದೆ, ಅಷ್ಟೇ. ಆ ಗಾಜನ್ನು ಬದಲಿಸುವದು ಗೃಹಸ್ಥನ ಕೈಗೆ ಮೀರಿದ ಕೆಲಸವಲ್ಲವೆಂಬದನ್ನು ತಿಳಿಸುವದೇ ನನ್ನ ಉದ್ದೇಶ.

ಮೊದಲು ಈ ಪೆಟ್ಟಿಗೆಯ ಕುಲವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳುವೆನು. ಜಪಾನದ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ, ಹೂಚಿತ್ರಗಳುಳ್ಳ ಆಟದ ಎಲೆಗಳನ್ನು ಮಾಡಿ ಮಾರುವದಕ್ಕಾಗಿ ನಿಂಟೆಂಡೋ ಎಂಬ ಸಂಸ್ಥೆಯು ಹುಟ್ಟಿತು. ೧೯೬೫ರಲ್ಲಿ ಅಲ್ಲಿಗೆ ಗುನ್‌ಪೇ ಯೊಕೊಯಿ ಎಂಬವರು ಸೇರಿದರು. ಸೇರಿದ್ದು ಆಟಿಕೆಗಳನ್ನು ಕಲ್ಪಿಸುವದಕ್ಕಲ್ಲ. ಎಲೆಗಳನ್ನು ಮಾಡುವ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವದಕ್ಕೆ. ದುರಸ್ತಿಯ ಕೈಯೇ ಮುಂದೆ ಸೃಷ್ಟಿಯ ಕೈಯಾಯಿತು. ೧೯೮೦ರಲ್ಲಿ ಅಂಗೈಯಗಲದ ಆಟದ ಯಂತ್ರವನ್ನೂ ೧೯೮೯ರಲ್ಲಿ ಗೇಮ್ ಬಾಯ್ ಎಂಬ ಲೋಕವಿಖ್ಯಾತವಾದ ಪೆಟ್ಟಿಗೆಯನ್ನೂ ಅವರು ರೂಪಿಸಿದರು. ಹೊಸ ವಿದ್ಯೆಯ ಬೆನ್ನು ಹತ್ತದೆ, ಹಳತಾಗಿ ಅಗ್ಗವಾದ ವಿದ್ಯೆಯನ್ನೇ ಹೊಸ ಉಪಯೋಗಕ್ಕೆ ತಿರುಗಿಸಬೇಕೆಂಬದು ಅವರ ಮತವಾಗಿತ್ತು. ಅದರಿಂದಲೇ ಆ ಪೆಟ್ಟಿಗೆಗಳು ಸರಳವಾಗಿಯೂ ಗಟ್ಟಿಯಾಗಿಯೂ ಇರುವವು. ೨೦೦೧ರಲ್ಲಿ ಅದೇ ಸಂತತಿಯಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬದು ಹೊರಬಿತ್ತು. ಕಿನ್ನಾಳದ ಆ ಮನೆಯಲ್ಲಿದ್ದದ್ದು ಇದೇ.

ಈ ಪೆಟ್ಟಿಗೆಯ ಮುಖದಲ್ಲಿ ಎರಡು ಪದರುಗಳಿರುವವೆಂಬದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಒಳಗಿರುವದು ಚಿತ್ರ ಮೂಡುವ ಪರದೆ. ಅಡ್ಡಕ್ಕೆ ೨೪೦, ಉದ್ದಕ್ಕೆ ೧೬೦ ಬಿಂದುಗಳ ಸಾಲು. ಅದರ ಮೇಲೆ, ಸ್ವಲ್ಪ ಅಂತರವನ್ನು ಬಿಟ್ಟು, ಅಂಚಿನ ಸುತ್ತ ಅಂಟಿನಿಂದ ಕೂಡ್ರಿಸಿದ ಪಾರದರ್ಶಕವಾದ ತಗಡು. ಇಂಗ್ಲಿಷಿನವರು ಇದನ್ನು ಲೆನ್ಸ್ ಎನ್ನುವರಾದರೂ ಇದು ಬಿಂಬವನ್ನು ಹಿಗ್ಗಿಸುವದೂ ಇಲ್ಲ, ಕುಗ್ಗಿಸುವದೂ ಇಲ್ಲ. ಇದರ ಧರ್ಮವು ಕೇವಲ ರಕ್ಷಣೆ. ಆದುದರಿಂದ ನಾನು ಇದನ್ನು ಮೇಲುಗಾಜು ಎಂದೇ ಕರೆಯುವೆನು. ಹೆಸರಿಗೆ ಗಾಜಾದರೂ ಪ್ರಾಯಃ ಪ್ಲಾಸ್ಟಿಕ್ಕಿನದು. ಏಟನ್ನೂ ಗೀರನ್ನೂ ತಾನು ತಿಂದು ಒಳಗಿನ ಪರದೆಯನ್ನು ಕಾಯುವದಕ್ಕಾಗಿಯೇ ಇದನ್ನು ಇಟ್ಟಿರುವರು.

ಮೇಲಾಗಿ, ಈ ಮಾದರಿಯ ಪರದೆಗೆ ಸ್ವಂತ ಬೆಳಕಿಲ್ಲ. ಕಿಡಕಿಯಿಂದಲೋ ದೀಪದಿಂದಲೋ ಬಂದ ಬೆಳಕು ಮೇಲುಗಾಜನ್ನು ದಾಟಿ ಒಳಹೊಕ್ಕು, ಪರದೆಯ ಹಿಂಬದಿಯಿಂದ ತಿರುಗಿ, ಮತ್ತೊಮ್ಮೆ ಅದೇ ಗಾಜನ್ನು ದಾಟಿ ನಮ್ಮ ಕಣ್ಣಿಗೆ ಬರಬೇಕು. ಗೀರುಗಳು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಎರಡು ಸಲ ಬೆಳಕನ್ನು ಚದರಿಸುವವು. ಒಳಬೆಳಕುಳ್ಳ ಇಂದಿನ ಫೋನುಗಳಲ್ಲಿ ಗಮನಕ್ಕೂ ಬಾರದಷ್ಟು ಗೀರು ಇಲ್ಲಿ ಚಿತ್ರವನ್ನೇ ನುಂಗುವದು ಇದೇ ಕಾರಣದಿಂದ.

ಗೀರು ಬೀಳುವದಾದರೂ ಹೇಗೆ? ಕೀಲಿಕೈ, ನಾಣ್ಯ, ಮೊಳೆಗಳಿಂದ ಎಂದು ಎಲ್ಲರೂ ಬಲ್ಲರು. ಆದರೆ ನಮ್ಮ ಸೀಮೆಯಲ್ಲಿ ನಿಜವಾದ ವೈರಿಯು ಧೂಳು. ಕೊಪ್ಪಳ, ಗಂಗಾವತಿಗಳ ಸುತ್ತಲಿನ ಗುಡ್ಡಗಳೆಲ್ಲ ಕಣಶಿಲೆಯವು. ಆ ಶಿಲೆ ಸವೆದು ಉದುರಿದ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಹರಳುಗಳಿರುವವು. ಕಲ್ಲುಗಳ ಗಡಸುತನವನ್ನು ಅಳೆಯುವ ಮೋಸರ ಮಾನದಲ್ಲಿ ಬೆಣಚುಕಲ್ಲು ೭ನೆಯ ಮೆಟ್ಟಿಲಲ್ಲಿದ್ದರೆ ಸಾಮಾನ್ಯ ಗಾಜು ಐದೂವರೆಯ ಆಸುಪಾಸಿನಲ್ಲಿದೆ. ಪ್ಲಾಸ್ಟಿಕ್ಕು ಇನ್ನೂ ಬಹಳ ಕೆಳಗೆ. ಧೂಳು ಕೂತ ಗಾಜನ್ನು ಅಕ್ಕರೆಯಿಂದ ಸೆರಗಿನಿಂದಲೋ ಅಂಗಿಯ ತುದಿಯಿಂದಲೋ ಒರಸಿದಾಗ ನಾವು ಮಾಡುವದೇನೆಂದರೆ, ಸಾವಿರ ಸಣ್ಣ ಉಳಿಗಳನ್ನು ಅದರ ಮೇಲೆ ಎಳೆದಾಡುವದು. ಮೊದಲು ಧೂಳನ್ನು ಊದಿ ಹಾರಿಸಬೇಕು, ಆಮೇಲೆ ಒರಸಬೇಕು. ಕನ್ನಡಕ ಹಾಕುವ ನನ್ನ ಸಮವಯಸ್ಕರಿಗೂ ಈ ಮಾತು ಸಲ್ಲುವದು.

ಈಗ ಆ ಮನೆಯ ಸಂಗತಿ. ಮನೆಯ ಹಿರಿಯ ಮಗನು ದುಬೈಯಲ್ಲಿ ಕೆಲಸದಲ್ಲಿದ್ದಾಗ ೨೦೦೩ರಲ್ಲಿ ತನ್ನ ಬೇಸರ ಕಳೆಯುವದಕ್ಕೆಂದು ಈ ಪೆಟ್ಟಿಗೆಯನ್ನು ಕೊಂಡಿದ್ದನು. ತರುವಾಯ ಊರಿಗೆ ಮರಳಿದನು, ಮದುವೆಯಾದನು. ಮಗನು ನಾಲ್ಕು ವರ್ಷದವನಿರುವಾಗಲೇ ತೀರಿಕೊಂಡನು. ಪೆಟ್ಟಿಗೆಯು ಟ್ರಂಕಿನಲ್ಲಿ ಹಳೆಯ ಕೀಲಿಕೈಗಳ ಜೊತೆಗೆ ಎಂಟು ವರ್ಷ ಬಿದ್ದಿತ್ತು. ಹನ್ನೆರಡರ ಹುಡುಗನು ಅದನ್ನು ಹುಡುಕಿ ತೆಗೆದು ಎರಡು ಸೆಲ್ಲುಗಳನ್ನು ಹಾಕಿದಾಗ ಅದು ಗಂಟೆ ಬಾರಿಸಿದಂತೆ ಸದ್ದು ಮಾಡಿ ಎಚ್ಚತ್ತಿತು. ಆದರೆ ಮುಖವೆಲ್ಲ ಮಂಜು ಕವಿದಂತೆ. ನಗರದ ಅಂಗಡಿಯೊಂದಕ್ಕೆ ಒಯ್ದರೆ, “ಇದನ್ನು ಬಿಸಾಡಿ ಹೊಸದು ಕೊಡಿಸಿರಿ, ಇಲ್ಲವೆ ಹೊರಮೈಯನ್ನೆಲ್ಲ ಬದಲಿಸಿ ಹೊಸದರಂತೆ ಮಾಡಿಕೊಡುವೆವು” ಎಂದರಂತೆ. ಹುಡುಗನು ಎರಡಕ್ಕೂ ಒಪ್ಪಲಿಲ್ಲ. ಕಾರಣವನ್ನು ಅವನು ಅಂಗಡಿಯವರಿಗೆ ಹೇಳಲಿಲ್ಲ, ತಾಯಿಗೆ ಹೇಳಿದನು. ಪೆಟ್ಟಿಗೆಯ ಎಡಗಡೆಯಲ್ಲಿ ಕೂಡಿಸುವ ಗುರುತಿನ ಆಕಾರದ ಗುಂಡಿಯೊಂದಿದೆ. ಅದರ ಸುತ್ತಲಿನ ಪ್ಲಾಸ್ಟಿಕ್ಕು ತಂದೆಯ ಹೆಬ್ಬೆರಳು ತಿಕ್ಕಿ ತಿಕ್ಕಿ ನುಣುಪಾಗಿ ಹೊಳೆಯುತ್ತಿದೆ. ಅದು ಹೋಗಕೂಡದು.

ಇಲ್ಲಿಯೇ ವಿವೇಚನೆಯ ಪ್ರಶ್ನೆಯುಂಟು. ಗೀರೂ ಸವೆತವೇ, ಹೊಳಪೂ ಸವೆತವೇ. ಒಂದನ್ನು ತೆಗೆಯಬೇಕು, ಇನ್ನೊಂದನ್ನು ಉಳಿಸಬೇಕು. ಈ ವಿವೇಚನೆಯು ಕಿನ್ನಾಳದವರಿಗೆ ಹೊಸದಲ್ಲ. ಅಲ್ಲಿನ ಗೊಂಬೆಯ ಮರದ ತುಂಡುಗಳನ್ನು ಜೋಡಿಸಿದ ಮೇಲೆ ಸಂದುಗಳಿಗೆ ಹುಣಸೆಬೀಜದ ಅಂಟಿನಿಂದ ಅರಿವೆಯ ಚೂರುಗಳನ್ನು ಹಚ್ಚಿ, ಕಲ್ಲಿನ ಪುಡಿಯನ್ನು ಕಲಸಿದ ಸರಿಯಿಂದ ಆಭರಣಗಳನ್ನು ಎಬ್ಬಿಸಿ, ಬಿಳಿಯ ಲೇಪವನ್ನು ಕೊಟ್ಟು, ಅದರ ಮೇಲೆ ಬಣ್ಣವನ್ನು ಬರೆಯುವರು. ಮರಕ್ಕೆ ಈ ಪದರುಗಳೇ ಕವಚ. ನಮ್ಮ ಉತ್ತರದ ಸೀಮೆಯ ಊರುಗಳಲ್ಲಿ ಗ್ರಾಮದೇವತೆಯ ಜಾತ್ರೆಗೆ ಮುಂಚೆ ದ್ಯಾಮವ್ವನ ಮರದ ಮೂರ್ತಿಗೆ ಚಿತ್ರಗಾರರಿಂದ ಹೊಸ ಬಣ್ಣ ಹಚ್ಚಿಸುವ ಪದ್ಧತಿಯುಂಟಷ್ಟೇ. ಬಣ್ಣ ಹೊಸದಾದರೂ ತಾಯಿ ಹೊಸಬಳಾಗುವದಿಲ್ಲ. ಮೂರ್ತಿಯನ್ನು ಬದಲಿಸಿದೆವೆಂದು ಯಾರೂ ಹೇಳುವದಿಲ್ಲ. ಸಂಸ್ಕೃತದಲ್ಲಿ ಇದಕ್ಕೆ ಜೀರ್ಣೋದ್ಧಾರವೆಂಬ ಒಳ್ಳೆಯ ಮಾತಿದೆ. ಈಗಿನವರು ಗುಡಿಯನ್ನೆಲ್ಲ ಕೆಡವಿ ಕಾಂಕ್ರೀಟು ಹಾಕುವದಕ್ಕೂ ಅದೇ ಮಾತನ್ನು ಬಳಸುವರು. ಅದು ಬೇರೆ ವಿಷಯ.

ಹೀಗಾಗಿ ಹುಡುಗನ ತಾಯಿಯು ನೆರೆಯ ಹಿರಿಯ ಚಿತ್ರಗಾರರೊಬ್ಬರಲ್ಲಿಗೆ ಹೋದದ್ದು ಸಹಜವೇ ಆಯಿತು. ಅವರು ವಿಡಿಯೋ ಗೇಮನ್ನು ಮೊದಲು ಮುಟ್ಟಿದವರಲ್ಲ. ಆದರೂ ಕೇಳಿದ ಮೊದಲ ಪ್ರಶ್ನೆಯು ಶಾಸ್ತ್ರಸಮ್ಮತವಾಗಿತ್ತು: “ತಮ್ಮಾ, ಗೀರು ಮ್ಯಾಲಿನ ಗಾಜಿಗೆ ಬಿದ್ದೈತೋ, ಒಳಗಿನದಕ್ಕೋ?”

ಇದನ್ನು ತಿಳಿಯುವ ಉಪಾಯ ಸುಲಭ. ಪೆಟ್ಟಿಗೆಯನ್ನು ಚಾಲು ಮಾಡಿ ಮೆಲ್ಲಗೆ ಆಚೆ ಈಚೆ ವಾಲಿಸಬೇಕು. ಒಳಗಿನ ಚಿತ್ರದ ಮೇಲೆ ಗೀರು ಸರಿದಾಡಿದಂತೆ ಕಂಡರೆ ಅದು ಮೇಲುಗಾಜಿನದು. ಚಿತ್ರದೊಡನೆಯೇ ಅಂಟಿಕೊಂಡು ನಿಂತರೆ ಪರದೆಯದು. ಪರದೆಯೇ ಗಾಯಗೊಂಡಿದ್ದರೆ ಮೇಲುಗಾಜನ್ನು ಬದಲಿಸಿ ಫಲವಿಲ್ಲ. ಇನ್ನೊಂದು ಪರೀಕ್ಷೆ: ಬೆರಳ ತುದಿಯನ್ನು ತುಸುವೇ ಒದ್ದೆಮಾಡಿ ಗೀರಿನ ಮೇಲೆ ಸವರಿದರೆ, ಮೇಲಿನ ಗೀರಾಗಿದ್ದಲ್ಲಿ ನೀರು ಅದರೊಳಗೆ ತುಂಬಿ ಕ್ಷಣಕಾಲ ಅದು ಮಾಸಿದಂತೆ ತೋರುವದು. ತರುವಾಯ ಗೀರಿಗೆ ಅಡ್ಡಲಾಗಿ ಉಗುರನ್ನು ಎಳೆದು ನೋಡಬೇಕು. ಉಗುರು ಸಿಕ್ಕದಿದ್ದರೆ ಹಲ್ಲುಜ್ಜುವ ಪೇಸ್ಟನ್ನು ಮೆತ್ತನೆಯ ಅರಿವೆಯಲ್ಲಿ ತೆಗೆದುಕೊಂಡು ತಿಕ್ಕಿದರೆ ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ಗೀರುಗಳು ಹೋಗಲೂಬಹುದು. ಉಗುರು ಸಿಕ್ಕಿತೋ, ಪೇಸ್ಟಿನಿಂದ ಕೆಲಸವಾಗದು. ತಿಕ್ಕಿದಷ್ಟೂ ಸುತ್ತಲೂ ಮಬ್ಬು ಹೆಚ್ಚುವದು. ಆ ಪೆಟ್ಟಿಗೆಯ ಗೀರಿನಲ್ಲಿ ಉಗುರು ಸಿಕ್ಕಿತು.

ಈ ಪೆಟ್ಟಿಗೆಯನ್ನು ತಯಾರಿಸುವದು ನಿಂತು ಬಹು ವರ್ಷಗಳಾದವು. ಆದರೂ ಅದಕ್ಕೆ ಹೊಂದುವ ಮೇಲುಗಾಜುಗಳನ್ನು ಬೇರೆಯವರು ಮಾಡಿ ಅಂತರ್ಜಾಲದ ಅಂಗಡಿಗಳಲ್ಲಿ ಮಾರುತ್ತಿರುವರು. ಮಾದರಿಯ ಹೆಸರನ್ನು ಸರಿಯಾಗಿ ಹೇಳಿ ತರಿಸಬೇಕು, ಯಾಕಂದರೆ ಒಂದರ ಗಾಜು ಇನ್ನೊಂದಕ್ಕೆ ಕೂಡುವದಿಲ್ಲ. ಪ್ಲಾಸ್ಟಿಕ್ಕಿನದು, ನಿಜವಾದ ಗಾಜಿನದು, ಎರಡೂ ದೊರೆಯುವವು. ಗಾಜು ಕೀಲಿಕೈಗೆ ಅಷ್ಟಾಗಿ ಬಗ್ಗದು, ಆದರೆ ಕಲ್ಲಿನ ನೆಲದ ಮೇಲೆ ಬಿದ್ದರೆ ಒಡೆಯುವದು. ಸಣ್ಣ ಮಕ್ಕಳಿರುವ ಮನೆಗೆ ಪ್ಲಾಸ್ಟಿಕ್ಕೇ ಲೇಸೆಂದು ನನ್ನ ಅಭಿಪ್ರಾಯ.

ಕೆಲಸಕ್ಕೆ ಅವರು ಆರಿಸಿಕೊಂಡದ್ದು ಸಂಜೆಯ ಹೊತ್ತು. ಫ್ಯಾನು ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ. ಸೆಲ್ಲುಗಳನ್ನು ತೆಗೆದಿಟ್ಟರು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಗಾಜಿನ ಅಂಚಿನ ಸುತ್ತ, ಒಂದೆಡೆ ನಿಲ್ಲಿಸದೆ ಆಡಿಸುತ್ತ, ಕೈಗೆ ಬೆಚ್ಚಗೆನ್ನುವಷ್ಟು ಹೊತ್ತು ಹಿಡಿದರು. ಹುಡುಗನು ಅವಸರಪಟ್ಟಾಗ ಹಿರಿಯರು, “ಗಡಬಡ ಮಾಡಬ್ಯಾಡ. ಅಂಟು ಕಾದರ ತಾನಽ ಬಿಡ್ತೈತಿ” ಎಂದರು. ಬಳಿಕ ತೆಳುವಾದ ಅಲಗನ್ನು ಒಂದು ಮೂಲೆಯಲ್ಲಿ, ಕೆಳಗೆ ಚುಚ್ಚದೆ, ಅಂಚಿಗೆ ಸಮನಾಗಿ ಮಲಗಿಸಿ ತೂರಿಸಿದರು. ಅಲಗು ಒಳಗಿಳಿದರೆ ಪರದೆಗೆ ತಾಕುವ ಭಯವುಂಟು. ಕೈ ನಡುಗುವವರು ಈ ಹಂತದಲ್ಲಿ ಬೇರೆಯವರನ್ನು ಕರೆಯುವದೇ ವಾಸಿ. ಮೂಲೆ ಎದ್ದಿತು. ಅಲಗನ್ನು ಅಂಚಿನುದ್ದಕ್ಕೂ ಸರಿಸುತ್ತ ಹೋದಂತೆ ಗಾಜೆಲ್ಲ ಸಡಿಲವಾಗಿ ಕೈಗೆ ಬಂದಿತು. ಪೆಟ್ಟಿಗೆಯನ್ನು ಬಿಚ್ಚಿ ಒಳಗಿನಿಂದ ಗಾಜನ್ನು ಒತ್ತಿ ತೆಗೆಯುವವರೂ ಇರುವರು. ಆದರೆ ಹಿಂಬದಿಯ ಸ್ಕ್ರೂಗಳ ತಲೆಯಲ್ಲಿ ಮೂರು ಸೀಳುಗಳಿರುವದರಿಂದ ಅದಕ್ಕೆ ಬೇರೆ ಜಾತಿಯ ಸ್ಕ್ರೂಡ್ರೈವರು ಬೇಕು. ಇಷ್ಟು ಕೆಲಸಕ್ಕೆ ಅದರ ಅಗತ್ಯವಿಲ್ಲ.

ಉಳಿದ ಅಂಟನ್ನು ಬೆರಳಿನಿಂದ ಉರುಳೆಯಾಗಿ ತಿಕ್ಕಿ ತೆಗೆದು, ಜಿಗುಟು ಇದ್ದಲ್ಲಿ ಮಾತ್ರ ಹತ್ತಿಯ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಅಂಚಿಗಷ್ಟೇ ಸವರಿದರು. ಈ ದ್ರವವು ಒಳಗೆ ತೊಟ್ಟಿಕ್ಕಬಾರದು. ಹೊಸ ಪ್ಲಾಸ್ಟಿಕ್ಕಿನ ಗಾಜಿಗೂ ಇದನ್ನು ಹಚ್ಚಬಾರದು, ಹಚ್ಚಿದರೆ ಅದರಲ್ಲಿ ಸಣ್ಣ ಬಿರುಕುಗಳು ಏಳುವ ಸಂಭವವುಂಟು. ಆಮೇಲಿನದೇ ಎಲ್ಲಕ್ಕಿಂತ ತಾಳ್ಮೆಯ ಕೆಲಸ: ಪರದೆಯ ಮೇಲಿನ ಧೂಳು. ಬಾಯಿಯಿಂದ ಊದಿದರೆ ಎಂಜಲು ಸಿಡಿಯುವದು. ಒತ್ತಿದರೆ ಗಾಳಿ ಬಿಡುವ ರಬ್ಬರಿನ ಚೆಂಡು ಕ್ಯಾಮರಾ ಮಾರುವವರಲ್ಲಿ ಸಿಗುವದು, ಅದರಿಂದ ಊದಬೇಕು. ಚಿತ್ರಗಾರರು ಅದರ ಜೊತೆಗೆ ತಮ್ಮ ಬಣ್ಣ ಕಾಣದ ಹೊಸ ಕುಂಚವೊಂದನ್ನು ತಂದು, ದೀಪವನ್ನು ಪಕ್ಕಕ್ಕೆ ಹಿಡಿಸಿ, ಒಂದೊಂದು ಕಣವನ್ನೂ ಎತ್ತಿ ತೆಗೆದರು. ಗೊಂಬೆಯ ಕಣ್ಣು ಬರೆಯುವ ಕೈಗೆ ಅದೇನು ದೊಡ್ಡದು!

ಹೊಸ ಗಾಜಿಗೆ ಎರಡೂ ಬದಿಗೆ ತೆಳುವಾದ ಹಾಳೆಯನ್ನು ಅಂಟಿಸಿರುವರು. ಒಳಬದಿಯದನ್ನು ಕೊನೆಯ ಗಳಿಗೆಯಲ್ಲಿ ಸುಲಿದು, ಅಂಚಿನ ಅಂಟಿನ ಮೇಲಿನ ಕಾಗದವನ್ನೂ ತೆಗೆದು, ಒಂದು ಬದಿಯನ್ನು ಮೊದಲು ಕೂಡ್ರಿಸಿ ಮೆಲ್ಲಗೆ ಇನ್ನೊಂದು ಬದಿಯನ್ನು ಇಳಿಸಬೇಕು. ನಾಲ್ಕು ಮೂಲೆಗಳನ್ನೂ ಹೆಬ್ಬೆರಳಿನಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಮೇಲಿನ ಹಾಳೆಯನ್ನು ಎಲ್ಲಕ್ಕೂ ಕೊನೆಗೆ ಸುಲಿಯುವದು. ಅದನ್ನು ಸುಲಿಯುವದನ್ನೇ ಮರೆತು “ಹೊಸ ಗಾಜೂ ಮಸುಕಾಗಿದೆ” ಎಂದು ಮಾರಿದವನನ್ನು ಬೈಯುವವರು ಲೋಕದಲ್ಲಿ ಇದ್ದಾರೆಂದು ಕೇಳಿಬಲ್ಲೆನು.

ಸೆಲ್ಲು ಹಾಕಿದಾಗ ಚಿತ್ರವು ತಿಳಿನೀರಿನಲ್ಲಿ ಕಂಡಂತೆ ಕಂಡಿತು. ಎಡಗಡೆಯ ಹೊಳಪು ಇದ್ದಂತೆಯೇ ಇತ್ತು. ಹುಡುಗನು ಅಲ್ಲಿ ತನ್ನ ಹೆಬ್ಬೆರಳನ್ನಿಟ್ಟು ಬಹಳ ಹೊತ್ತು ಆಡಿದನು. ತಾಯಿಯು ಮಾತಾಡದೆ ಪಕ್ಕದಲ್ಲಿ ಕುಳಿತು ನೋಡಿದಳು. ಆಟದ ಗಂಧವೂ ಆಕೆಗಿಲ್ಲ. ಪೆಟ್ಟಿಗೆಯ ಹೆಸರನ್ನು ಅಚ್ಚು ಹಾಕಿರುವದು ಮೇಲುಗಾಜಿನ ಮೇಲೆಯೇ ಆದುದರಿಂದ ಹಳೆಯ ಗಾಜನ್ನು ಎಸೆಯಲು ಹುಡುಗನಿಗೆ ಮನಸ್ಸಾಗಲಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾನೆ.

ಈ ಕೆಲಸಕ್ಕೆ ಕಾನೂನಿನ ಕಡೆಯೂ ಒಂದಿದೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯದ ನಿಯಮಗಳ ಪಟ್ಟಿಯಲ್ಲಿ ಕೈಯಲ್ಲಿ ಹಿಡಿಯುವ ವಿಡಿಯೋ ಗೇಮುಗಳೂ ಸೇರಿರುವವು. ಆದುದರಿಂದ ನಿಜವಾಗಿಯೇ ಸತ್ತುಹೋದ ಪೆಟ್ಟಿಗೆಯನ್ನು ತಿಪ್ಪೆಗೆ ಎಸೆಯದೆ, ಇಂಥ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯವರು ೨೦೨೨ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನೂ ತೆರೆದರು. ಒಳ್ಳೆಯದೇ. ಆದರೆ ಎರಡು ದಶಕ ದಾಟಿದ ಪೆಟ್ಟಿಗೆಗೆ ಜಾಲತಾಣಕ್ಕಿಂತ ನೆರೆಮನೆಯ ನಿಷ್ಕಂಪವಾದ ಕೈಯೇ ಬೇಗ ಒದಗುವದು.

ಇನ್ನು ಹೊಸ ಗಾಜನ್ನು ಕಾಯುವ ಮಾತು. ನಿಂಟೆಂಡೋದವರು ೨೦೦೩ರಲ್ಲಿ ಇದೇ ಪೆಟ್ಟಿಗೆಯನ್ನು ಪುಸ್ತಕದಂತೆ ಮಡಚುವ ಹಾಗೆ ಮಾಡಿದರು. ಮಡಚಿದಾಗ ಗಾಜು ಒಳಗಾಗುವದರಿಂದ ಗೀರಿನ ಭಯ ಕಡಿಮೆ. ಮಡಚದ ಹಳೆಯ ಮಾದರಿಗೆ ಚೀಲವೇ ಗತಿ. ಆ ಹುಡುಗನ ಅಜ್ಜಿಯು ಹಳೆಯ ಧೋತರದ ಮೆತ್ತನೆಯ ತುಂಡುಗಳನ್ನು ಕೌದಿಯಂತೆ ಪದರು ಪದರಾಗಿ ಹೊಲಿದು ಒಂದು ಸಣ್ಣ ಚೀಲವನ್ನು ಮಾಡಿಕೊಟ್ಟಿರುವಳು. ಅಂಥ ಚೀಲವನ್ನು ವಾರಕ್ಕೊಮ್ಮೆ ಒಳಮೈ ಹೊರಗೆ ಮಾಡಿ ಝಾಡಿಸಿ ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ಚೀಲದಲ್ಲಿ ಸೇರಿದ ಧೂಳೇ ಗಾಜನ್ನು ಮತ್ತೆ ಗೀರುವದು.