ಭಾವಚಿತ್ರವೂ ಬಣ್ಣದ ಬೆಳಕೂ

ಮನುಷ್ಯನು ತನ್ನ ಮುಖವನ್ನು ತಾನೇ ನೋಡಲಾರನು. ಕನ್ನಡಿಯಲ್ಲಿ ಕಾಣುವುದು ಎಡಬಲಗಳು ಅದಲುಬದಲಾದ ಪ್ರತಿಬಿಂಬ. ಪರರು ನಮ್ಮನ್ನು ಹೇಗೆ ಕಾಣುವರೆಂಬುದನ್ನು ತಿಳಿಯಬೇಕಾದರೆ ಚಿತ್ರವೊಂದೇ ಗತಿ. ಇದಕ್ಕೆ ನಮ್ಮ ಭಾಷೆಯಲ್ಲಿ ಎರಡು ಹೆಸರುಗಳುಂಟು: ಛಾಯಾಚಿತ್ರವೆಂದು ಒಂದು, ಭಾವಚಿತ್ರವೆಂದು ಇನ್ನೊಂದು. ಮೊದಲನೆಯದು ನೆರಳನ್ನು ಹೇಳುತ್ತದೆ, ಎರಡನೆಯದು ಮನಸ್ಸನ್ನು. ಛಾಯೆಯನ್ನು ಅಳಿಸಿದರೆ ಭಾವವೂ ಅಳಿಯುವುದೆಂಬ ಸಂಗತಿಯನ್ನು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತ ಪಾಠವನ್ನು ಹೇಳಿದ ನಾನು, ಅರುವತ್ತನೆಯ ವಯಸ್ಸಿನಲ್ಲಿ ನನ್ನ ತಮ್ಮನ ಮಗಳಿಂದ ಕಲಿತೆನು.

ಕಳೆದ ದೀಪಾವಳಿಗೆ ಆ ಹುಡುಗಿಯು ನಮ್ಮ ಮನೆಗೆ ಬಂದಾಗ ಹೆಗಲಿನಲ್ಲೊಂದು ಭಾರವಾದ ಚೀಲವಿದ್ದಿತು. ಅದರೊಳಗಿಂದ ಅಂಗೈಯಗಲದ ಮೂರು ಫ್ಲ್ಯಾಶ್ ದೀಪಗಳು, ಮಡಿಸಬಹುದಾದ ನಿಲುಗಂಬಗಳು, ಒಂದು ಬಿಳಿಯ ಕೊಡೆ, ಬಣ್ಣಬಣ್ಣದ ತೆಳುಹಾಳೆಗಳ ಒಂದು ಕಂತೆ ಹೊರಬಂದವು. “ಇದೇನಮ್ಮ, ನಾಟಕದ ಕಂಪೆನಿಯನ್ನೇ ತಂದಿದ್ದೀಯೆ?” ಎಂದೆನು. “ದೊಡ್ಡಪ್ಪ, ಅತ್ತೆಯದೊಂದು ಒಳ್ಳೆಯ ಚಿತ್ರವನ್ನು ತೆಗೆಯಬೇಕು. ನಾನು ಕೇಳಿದರೆ ಒಪ್ಪುವುದಿಲ್ಲ, ನೀವು ಒಪ್ಪಿಸಿಕೊಡಿ” ಎಂದಳು. ನಾನು ಸುಮ್ಮನಾದೆನು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಈ ದೀಪದ ವೃತ್ತಾಂತವನ್ನು ವಾಚಕರು ತಿಳಿಯುವುದು ಒಳ್ಳೆಯದು.

ಛಾಯಾಗ್ರಹಣವು ಹುಟ್ಟಿದ ಕಾಲದಲ್ಲಿ ಸೂರ್ಯನಿಲ್ಲದೆ ಚಿತ್ರವಿಲ್ಲವೆಂಬ ಸ್ಥಿತಿಯಿತ್ತು. 1864ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೆಗ್ನೀಷಿಯಂ ಲೋಹದ ತಂತಿಯನ್ನು ಉರಿಸಿ ಆ ಬೆಳಕಿನಲ್ಲಿ ಚಿತ್ರಗಳನ್ನು ತೆಗೆದರು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಷಿಯಂ ಪುಡಿಗೆ ಪೊಟಾಸಿಯಂ ಕ್ಲೋರೇಟನ್ನು ಬೆರೆಸಿ, ಕಿಡಿ ತಾಗಿದೊಡನೆ ಭಗ್ಗನೆ ಉರಿದುಹೋಗುವ ಮದ್ದನ್ನು ಮಾಡಿದರು. ನ್ಯೂಯಾರ್ಕಿನ ಬಡವರ ಕತ್ತಲೆಕೋಣೆಗಳನ್ನು ಲೋಕಕ್ಕೆ ತೋರಿಸಿದ ಜೇಕಬ್ ರೀಸ್ ಎಂಬ ಪತ್ರಿಕಾಕರ್ತನು ಈ ಮದ್ದನ್ನೇ ಬಳಸಿದನು. ಅವನ ಗ್ರಂಥವು 1890ರಲ್ಲಿ ಪ್ರಕಟವಾಯಿತು. ಹೊಗೆ, ಬೂದಿ, ಬೆಂಕಿಯ ಭಯ ಇವೆಲ್ಲವೂ ಆ ಮದ್ದಿನ ಸಂಗಾತಿಗಳು. 1930ರ ಸುಮಾರಿಗೆ ಗಾಜಿನ ಬುರುಡೆಯೊಳಗೇ ಉರಿದುಹೋಗುವ ದೀಪಗಳು ಬಂದವು. ಆದರೆ ಒಂದು ಬುರುಡೆಯಿಂದ ಒಂದೇ ಚಿತ್ರ. ಅದೇ ಕಾಲದಲ್ಲಿ ಅಮೆರಿಕೆಯ ಹೆರಾಲ್ಡ್ ಎಡ್ಜರ್ಟನ್ ಎಂಬ ವಿದ್ವಾಂಸನು, ಅನಿಲವನ್ನು ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಿರಿದಾದ ಮಿಂಚನ್ನು ಮತ್ತೆ ಮತ್ತೆ ಹುಟ್ಟಿಸುವ ವಿಧಾನವನ್ನು ಬೆಳೆಸಿದನು. ಇಂದು ಮಕ್ಕಳು ಚೀಲದಲ್ಲಿಟ್ಟುಕೊಂಡು ತಿರುಗುವ ದೀಪವು ಅದರ ಸಂತತಿಯೇ. ಅದರ ಬೆಳಕು ಬಹುಮಟ್ಟಿಗೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಅಥವಾ ಅದಕ್ಕೂ ಕಡಮೆಯ ಹೊತ್ತು ಬೆಳಗಿ ಆರುವುದು.

ಇಷ್ಟು ಉಪಕಾರಿಯಾದ ದೀಪವು ನಮ್ಮ ಮದುವೆಮನೆಗಳಲ್ಲಿ ಮುಖಗಳನ್ನು ಸುಣ್ಣ ಬಳಿದ ಗೋಡೆಗಳಂತೆ ಮಾಡುವುದೇಕೆ? ದೀಪವು ಕ್ಯಾಮರಾದ ತಲೆಯ ಮೇಲೆಯೇ ಕುಳಿತಿರುವುದು ಇದಕ್ಕೆ ಕಾರಣ. ಬೆಳಕು ನೋಡುವವನ ಕಡೆಯಿಂದಲೇ ಹೊರಟರೆ, ಮೂಗಿನ ನೆರಳು ಮೂಗಿನ ಹಿಂದೆಯೇ ಅಡಗುತ್ತದೆ. ಕೆನ್ನೆಯ ತಗ್ಗೂ ಹಣೆಯ ಉಬ್ಬೂ ಒಂದೇ ಮಟ್ಟವಾಗುತ್ತವೆ. ಅದೇ ದೀಪವನ್ನು ಕ್ಯಾಮರಾದಿಂದ ಬಿಡಿಸಿ, ಒಂದು ಪಕ್ಕದಲ್ಲಿ, ಕಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿದರೆ ಮುಖವು ಶಿಲ್ಪದಂತೆ ಉಬ್ಬುತಗ್ಗುಗಳನ್ನು ಪಡೆಯುವುದು. ಬಿಳಿಯ ಕೊಡೆಯ ಮೂಲಕ ಹಾಯಿಸಿದರೆ ಬೆಳಕಿನ ಮೂಲವು ಹಿರಿದಾಗಿ ನೆರಳಿನ ಅಂಚು ಮೃದುವಾಗುವುದು. ದೂರವು ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದೆಂಬ ನಿಯಮವನ್ನು ನೆನಪಿನಲ್ಲಿಟ್ಟರೆ, ದೀಪವನ್ನು ಒಂದು ಹೆಜ್ಜೆ ಸರಿಸಿಯೇ ಹಗಲಿರುಳುಗಳನ್ನು ಮಾಡಬಹುದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಚಿತ್ರದಲ್ಲಿ ನೆಳಲು ಕೊಡುವ ಕೆಲಸವನ್ನು ‘ವರ್ತನಾ’ ಎಂದು ಕರೆದು ಅದರಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ಕುಂಚದವರ ಆ ವಿದ್ಯೆಯನ್ನು ದೀಪದವರು ಕೊಡೆಯಿಂದ ಮಾಡುತ್ತಾರೆ.

ಇನ್ನು ಬಣ್ಣದ ಹಾಳೆಗಳ ವಿಚಾರ. ಇವನ್ನು ಜೆಲ್ ಎನ್ನುತ್ತಾರೆ. ಹಿಂದೆ ನಾಟಕಶಾಲೆಯ ದೀಪಗಳಿಗೆ ಜಿಲೆಟಿನ್ ಎಂಬ ಅಂಟಿನಿಂದ ಮಾಡಿದ ಹಾಳೆಗಳನ್ನು ಕಟ್ಟುತ್ತಿದ್ದುದರಿಂದ ಈ ಹೆಸರು ಬಂದಿತು. ಈಗಿನವು ಪ್ಲಾಸ್ಟಿಕ್ಕಿನವು. ಹಾಳೆಯು ಬೆಳಕಿಗೆ ಬಣ್ಣವನ್ನು ಕೂಡಿಸುವುದೆಂದು ನಾವು ಭಾವಿಸುತ್ತೇವೆ, ನಿಜವು ಹಾಗಲ್ಲ. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಕೆಂಪು ಹಾಳೆಯು ಕೆಂಪನ್ನು ಬಿಟ್ಟು ಉಳಿದುದನ್ನು ನುಂಗುತ್ತದೆ. ಆದಕಾರಣ ಹಾಳೆಯು ಗಾಢವಾದಷ್ಟೂ ಬೆಳಕು ಕುಗ್ಗುವುದು, ದೀಪದ ಶಕ್ತಿಯನ್ನು ಹೆಚ್ಚಿಸಬೇಕಾಗುವುದು.

ಬೆಳಕುಗಳ ಬೆರಕೆಯು ಕುಂಚದ ಬಣ್ಣಗಳ ಬೆರಕೆಯಂತಲ್ಲ. ಕೆಂಪು ಬೆಳಕಿಗೆ ಹಸುರು ಬೆಳಕು ಸೇರಿದರೆ ಹಳದಿಯಾಗುವುದು. ಕೆಂಪು, ಹಸುರು, ನೀಲಿ ಈ ಮೂರರಿಂದ ಸಕಲ ವರ್ಣಗಳನ್ನೂ ಕಾಣಿಸಬಹುದೆಂಬುದನ್ನು ಮ್ಯಾಕ್ಸ್‌ವೆಲ್ ಪಂಡಿತನು 1861ರಲ್ಲಿ ಲಂಡನ್ನಿನಲ್ಲಿ, ಬಣ್ಣದ ಪಟ್ಟಿಯೊಂದರ ಮೂರು ಛಾಯಾಚಿತ್ರಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿ ತೋರಿಸಿದನು. ಎರಡು ಬಣ್ಣದ ದೀಪಗಳನ್ನು ಎರಡು ಪಕ್ಕಗಳಲ್ಲಿಟ್ಟರೆ, ಒಂದರ ನೆರಳಿನಲ್ಲಿ ಇನ್ನೊಂದರ ಬಣ್ಣವು ತುಂಬಿಕೊಳ್ಳುವುದು. ನಾವು ಕಪ್ಪೆಂದು ತಿಳಿದ ನೆರಳು ಆಗ ನೀಲಿಯೋ ಕೆಂಪೋ ಆಗಿ ಹೊಳೆಯುವುದು.

ಈ ಹಾಳೆಗಳಿಂದ ಎರಡು ಪ್ರಯೋಜನಗಳುಂಟು. ಒಂದು, ಬೆಳಕುಗಳನ್ನು ಹೊಂದಿಸುವುದು. ಮನೆಯೊಳಗಿನ ಹಳೆಯ ಬುರುಡೆದೀಪದ ಬೆಳಕು ಕಿತ್ತಳೆಗೆ ಸಮೀಪವಾದುದು, ಫ್ಲ್ಯಾಶಿನ ಬೆಳಕು ನಡುಹಗಲಿನಂತೆ ಬಿಳುಪು. ಎರಡೂ ಒಂದೇ ಚಿತ್ರದಲ್ಲಿ ಕೂಡಿದರೆ ಜಗಳವಾಡುವುವು. ಫ್ಲ್ಯಾಶಿಗೆ ಕಿತ್ತಳೆಯ ಹಾಳೆಯನ್ನು ಕಟ್ಟಿದರೆ ಜಗಳವು ನಿಲ್ಲುವುದು. ಆಗ ಕ್ಯಾಮರಾವನ್ನು ಬುರುಡೆದೀಪದ ಬಣ್ಣಕ್ಕೆ ಹೊಂದಿಸಿದರೆ, ಮುಖವು ಸಹಜವಾಗಿ ಕಂಡು, ಕಿಟಕಿಯಾಚೆಯ ಮುಸ್ಸಂಜೆಯ ಬಾನು ಗಾಢವಾದ ನೀಲಿಯಾಗುವುದು. ಎರಡನೆಯ ಪ್ರಯೋಜನವು ಭಾವವನ್ನು ಸೂಚಿಸುವುದು. ನಮ್ಮವರಿಗೆ ಇದು ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೆ ಒಂದೊಂದು ವರ್ಣವನ್ನು ಹೇಳಿದೆ: ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬಣ್ಣ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ರಸರಾಜನೆನಿಸಿದ ಶೃಂಗಾರಕ್ಕೆ ಹೇಳಿದ ವರ್ಣವು ಶ್ಯಾಮ.

ಈ ಪಾಠವನ್ನು ನಾನು ಎಷ್ಟೋ ಸಲ ಹೇಳಿದೆನು. ಹೇಳುವಾಗಲೆಲ್ಲ ನಮ್ಮ ಮನೆಯ ಒಂದು ಸಂಗತಿಯು ಮನಸ್ಸಿಗೆ ಬರುತ್ತಿತ್ತು. ಅದನ್ನು ಯಾರಿಗೂ ಹೇಳಿದವನಲ್ಲ. 1975ನೆಯ ಇಸವಿ. ನನ್ನ ಅಕ್ಕನಿಗೆ ಇಪ್ಪತ್ತು ವರ್ಷ, ನನಗೆ ಹತ್ತು. ಅಕ್ಕನು ಶ್ಯಾಮವರ್ಣದವಳು. ವರನ ಕಡೆಯವರು ಪಟವನ್ನು ಕೇಳಿದರು. ಪೇಟೆಯ ಸ್ಟುಡಿಯೋದವರು ಮುಖಕ್ಕೆ ಪೌಡರನ್ನು ಬಳಿಯಿಸಿ, ಎದುರಿನಿಂದ ದೊಡ್ಡ ದೀಪಗಳನ್ನು ಹಾಕಿ, ಅದೂ ಸಾಲದೆಂದು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತಿದ್ದಿ, ಆಕೆಯನ್ನು ಬೆಳ್ಳಗೆ ಮಾಡಿಕೊಟ್ಟರು. ಆ ಪಟವನ್ನು ಮನೆಗೆ ತಂದವನು ನಾನು, “ಅಕ್ಕ ಎಷ್ಟು ಚೆನ್ನಾಗಿ ಬಂದಿದ್ದಾಳೆ!” ಎಂದು ಕುಣಿದವನೂ ನಾನೇ. ಹೆಣ್ಣು ನೋಡಲು ಬಂದವರು ಪಟವನ್ನೊಮ್ಮೆ ಅಕ್ಕನನ್ನೊಮ್ಮೆ ನೋಡಿದರು. ಅವರಲ್ಲಿ ಹಿರಿಯಳೊಬ್ಬಳು, “ಪಟದಲ್ಲಿರುವ ಹುಡುಗಿಯನ್ನು ಕರೆಯಿರಿ” ಎಂದಳು. ಉಪ್ಪಿಟ್ಟಿನ ತಟ್ಟೆಗಳು ಹಾಗೆಯೇ ಉಳಿದವು. ಎರಡು ವರ್ಷಗಳ ಮೇಲೆ ಅಕ್ಕನು ಒಳ್ಳೆಯ ಮನೆಯನ್ನೇ ಸೇರಿದಳು, ಸುಖವಾಗಿಯೇ ಬಾಳಿದಳು. ಆದರೆ ಅಂದಿನಿಂದ ಕ್ಯಾಮರಾ ಕಂಡರೆ ತಲೆ ತಗ್ಗಿಸುವಳು, ಇಲ್ಲವೇ ಅಡುಗೆಮನೆಗೆ ಹೋಗುವಳು.

ಇದು ನಮ್ಮೂರಿನ ಸ್ಟುಡಿಯೋದ ದೋಷ ಮಾತ್ರವೇ ಆಗಿರಲಿಲ್ಲ. 1950ರ ದಶಕದಿಂದ ಮುಂದಕ್ಕೆ ಕೊಡಕ್ ಕಂಪೆನಿಯವರು ಬಣ್ಣದ ಚಿತ್ರಗಳನ್ನು ಹದಗೊಳಿಸಲು ಕಳುಹಿಸುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ಬಿಳಿಯ ಮೈಬಣ್ಣದ ಹೆಂಗಸಿನ ಚಿತ್ರವಿರುತ್ತಿತ್ತು. ಆಕೆ ಸರಿಯಾಗಿ ಕಂಡರೆ ಎಲ್ಲವೂ ಸರಿಯೆಂಬುದು ಲೆಕ್ಕ. ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ನಿಜವಾಗಿ, ಶ್ಯಾಮಲವಾದ ಮುಖಕ್ಕೆ ಬೇಕಾದುದು ಹೆಚ್ಚು ಬೆಳಕಲ್ಲ, ಸರಿಯಾದ ಕಡೆಯಿಂದ ಬರುವ ಬೆಳಕು. ಅಂತಹ ಮುಖದ ರೂಪವು ನೆರಳಿಗಿಂತಲೂ ಮೆರುಗಿನಿಂದ ತಿಳಿಯುವುದು. ಹಿರಿದಾದ ಮೃದುವಾದ ದೀಪವನ್ನು ಪಕ್ಕದಲ್ಲಿಟ್ಟರೆ, ಕೆನ್ನೆಯ ಮೂಳೆಯ ಮೇಲೂ ಹಣೆಯ ಮೇಲೂ ಆ ಮೆರುಗು ತಾನಾಗಿ ಹರಿಯುವುದು.

ಅಂದು ನಾನೇ ಅಕ್ಕನ ಬಳಿಗೆ ಹೋಗಿ, “ಅಂದು ಆ ಪಟವನ್ನು ತಂದವನು ನಾನು. ಇಂದು ಸರಿಯಾದುದೊಂದನ್ನು ತೆಗೆಯಿಸುತ್ತೇನೆ. ಕುಳಿತುಕೋ ಅಕ್ಕ” ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳ್ಳಗೆ ಮಾಡುವುದಾದರೆ ಬೇಡವೋ” ಎಂದಳು. “ಇಲ್ಲ ಅತ್ತೆ, ನೀವು ಇದ್ದ ಹಾಗೆ” ಎಂದಳು ಹುಡುಗಿ.

ಕೊಡೆಯ ದೀಪವನ್ನು ಅಕ್ಕನ ಎಡಕ್ಕೆ ನಿಲ್ಲಿಸಿದಳು; ಅದಕ್ಕೆ ಬಣ್ಣವಿಲ್ಲ. ಹಿಂದಿನ ಗೋಡೆಗೆ ಮಾತ್ರ ತಾಗುವಂತೆ ನೀಲಿಯ ಹಾಳೆ ಕಟ್ಟಿದ ದೀಪವೊಂದು. ಬೆನ್ನ ಹಿಂದೆ, ನರೆಗೂದಲಿನ ಅಂಚಿಗೆ ಮಾತ್ರ ತಾಗುವಂತೆ ಜೇನುಬಣ್ಣದ್ದೊಂದು. ಬಿಳಿಯ ದೀಪದ ಬೆಳಕು ಗೋಡೆಗೆ ಚೆಲ್ಲಿದರೆ ನೀಲಿಯು ತೊಳೆದುಹೋಗುವುದೆಂದು ಅಕ್ಕನನ್ನು ಗೋಡೆಯಿಂದ ಆರು ಹೆಜ್ಜೆ ಮುಂದಕ್ಕೆ ಕೂರಿಸಿದಳು. ಫ್ಲ್ಯಾಶಿನ ಬೆಳಕು ಕ್ಷಣಿಕವಾದುದರಿಂದ ಷಟರಿನ ವೇಗವನ್ನು ಬದಲಿಸಿದರೆ ಕೋಣೆಯ ಇತರ ಬೆಳಕು ಮಾತ್ರ ಹೆಚ್ಚು ಕಡಮೆಯಾಗುವುದೆಂದು ವಿವರಿಸಿ, ಕ್ಯಾಮರಾ ತಡೆಯುವ ಮಿತಿಯೊಳಗೆ ವೇಗವನ್ನು ಹೆಚ್ಚಿಸಿ ಕೋಣೆಯನ್ನು ಕತ್ತಲಾಗಿಸಿದಳು.

ನಾನು, “ಗೋಡೆ ನೀಲಿಯಲ್ಲವಲ್ಲ, ಇದೂ ಒಂದು ಸುಳ್ಳಲ್ಲವೇ?” ಎಂದು ಕೇಳಿದೆನು. “ಗೋಡೆ ನೀಲಿಯೆಂದು ಯಾರು ನಂಬುತ್ತಾರೆ, ದೊಡ್ಡಪ್ಪ? ಮುಖವನ್ನು ಮಾತ್ರ ಜನರು ನಂಬುತ್ತಾರೆ, ಅದನ್ನು ನಾನು ಮುಟ್ಟಿಲ್ಲ” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ರಂಗದ ಬಣ್ಣವು ತಾನು ಬಣ್ಣವೆಂದು ಸಾರಿಯೇ ಬರುವುದು. ಆ ಸ್ಟುಡಿಯೋದ ಪೆನ್ಸಿಲು ತಾನು ಸತ್ಯವೆಂದು ನಟಿಸಿತ್ತು. ಭೇದವಿರುವುದು ಇಲ್ಲಿಯೇ.

ಚಿತ್ರದಲ್ಲಿ ಅಕ್ಕನ ಮುಖವು ತಿಕ್ಕಿದ ಹುಣಿಸೆಬೀಜದಂತೆ ಮೆರುಗುಗೊಂಡಿತ್ತು. ಒಂದೊಂದು ಸುಕ್ಕೂ ಇದ್ದಿತು. ಹಿಂದೆ ಇಳಿಹೊತ್ತಿನ ನೀಲಿ. ಕೂದಲಿನ ಅಂಚಿನಲ್ಲಿ ದೇವರ ಕೋಣೆಯ ದೀಪದಂತಹ ಬೆಳಕು. ಅಕ್ಕನು ಬಹಳ ಹೊತ್ತು ನೋಡಿ, “ಇದನ್ನು ನನ್ನ ಮೊಮ್ಮಗಳಿಗೆ ಕಳಿಸು. ಅವಳೂ ನನ್ನ ಬಣ್ಣವೇ” ಎಂದಳು.

ಈ ವಿದ್ಯೆಯಲ್ಲಿ ಆಸಕ್ತಿಯುಳ್ಳ ಗೃಹಸ್ಥರಿಗೆ ಕೆಲವು ಮಾತುಗಳು. ಆರಂಭಕ್ಕೆ ಒಂದೇ ದೀಪವೂ ಕ್ಯಾಮರಾದಿಂದ ದೂರವಿಟ್ಟು ಅದನ್ನು ಬೆಳಗಿಸುವ ಸಾಧನವೂ ಸಾಕು. ಜೆಲ್ ದೊರೆಯದಿದ್ದರೆ ಉಡುಗೊರೆಗಳಿಗೆ ಸುತ್ತುವ ಪಾರದರ್ಶಕವಾದ ಬಣ್ಣದ ಹಾಳೆಯಿಂದಲೂ ಅಭ್ಯಾಸ ಮಾಡಬಹುದು. ಎಡೆಬಿಡದೆ ಮಿಂಚಿಸಿದರೆ ಬಿಸಿಗೆ ಹಾಳೆಯು ಸುಕ್ಕಾಗುವುದರಿಂದ ನಡುನಡುವೆ ಬಿಡುವಿರಲಿ. ಕೆಟ್ಟ ದೀಪವನ್ನು ಮನೆಯಲ್ಲಿ ಬಿಚ್ಚಲೇಬಾರದು. ಆರಿಸಿದ ಮೇಲೆಯೂ ಅದರೊಳಗೆ ನೂರಾರು ವೋಲ್ಟುಗಳ ವಿದ್ಯುತ್ತು ಉಳಿದಿರಬಹುದು. ಎಳೆಯ ಶಿಶುಗಳ ಕಣ್ಣಿನ ಸಮೀಪದಲ್ಲಿ ಮಿಂಚಿಸಬಾರದು. ಮಿಂಚುವ ಬೆಳಕಿನಿಂದ ಅಪಸ್ಮಾರವು ಬರುವಂತಹವರು ಮನೆಯಲ್ಲಿದ್ದರೆ ಈ ಆಟವೇ ಬೇಡ.

ಎಲ್ಲಕ್ಕಿಂತ ಮುಖ್ಯವಾದುದು ಇದು. ಇಂದು ಕೈಯಲ್ಲಿರುವ ಫೋನುಗಳು, ಕೇಳದಿದ್ದರೂ ಮುಖವನ್ನು ಬೆಳ್ಳಗೆ ಮಾಡಿಕೊಡಬಲ್ಲವು. ಪೆನ್ಸಿಲಿನ ಶ್ರಮವೂ ಬೇಕಿಲ್ಲ. ಮನೆಯ ಹೆಣ್ಣುಮಕ್ಕಳ ಚಿತ್ರವನ್ನು ತೆಗೆಯುವಾಗ ಗೋಡೆಗೆ ಬೇಕಾದ ಬಣ್ಣವನ್ನು ಹಾಕಿರಿ. ಮಗುವಿನ ಮುಖಕ್ಕೆ ಅದರ ಬಣ್ಣವನ್ನೇ ಬಿಡಿರಿ. ನಮ್ಮ ಮನೆಯಲ್ಲಿ ಆ ಹಳೆಯ ಪಟವು ಈಗಲೂ ಪೆಟ್ಟಿಗೆಯಲ್ಲಿದೆ. ಗೋಡೆಯ ಮೇಲಿರುವುದು ಹೊಸದು.